ಒಂದೇ ಬೆರಳಿನ ಬ್ರೇಕು

ಮೌಂಟನ್ ಬೈಕಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ತೋರುಬೆರಳೊಂದು ಸಾಕು. ಉಳಿದವು ಹ್ಯಾಂಡಲ್ ಹಿಡಿಯಲು ಬಿಡುವಾಗುತ್ತವೆ. ಕಲ್ಲು-ಬೇರುಗಳ ಇಳಿಜಾರಿನಲ್ಲಿ ಅದೇ ದೊಡ್ಡ ಉಪಕಾರ. ಆದರೆ ಅಂಗಡಿಯಿಂದ ಬಂದ ಸೈಕಲ್ಲಿನಲ್ಲಿ ಲಿವರ್ ಎಷ್ಟೋ ಸಲ ಹಿಡಿಕೆಗೆ ಅಂಟಿಕೊಂಡೇ ಇರುತ್ತದೆ. ಅಲೆನ್ ಕೀ ಹಿಡಿದು ಅದನ್ನು ಒಳಕ್ಕೆ ಸರಿಸಬೇಕು, ಬೆರಳು ಲಿವರಿನ ತುದಿಯ ಕೊಕ್ಕೆಯಲ್ಲೇ ಕೂರುವಷ್ಟು. ಸನ್ನೆಕೋಲಿನ ಲೆಕ್ಕವಿದು: ಕೀಲಿನಿಂದ ದೂರ ಹೋದಷ್ಟೂ ಕಡಿಮೆ ಬಲ ಸಾಕು. ಆಮೇಲೆ ರೀಚ್ ಸ್ಕ್ರೂ ತಿರುಗಿಸಿ ಬೆರಳಿನ ಉದ್ದಕ್ಕೆ ಹೊಂದಿಸಿಕೊಳ್ಳುವುದು. ಹೊಸ ಟೈರಿಗೆ ಸಾವಿರಾರು ರೂಪಾಯಿ ಸುರಿಯುವವರು ಈ ಪುಕ್ಕಟೆ ಕೆಲಸವನ್ನೇಕೆ ಮರೆಯುತ್ತಾರೋ!

ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಚಕ್ರದಲ್ಲಿ. ಮುಗ್ಗರಿಸುವ ಹೆದರಿಕೆಯಿಂದ ಹಿಂದಿನದನ್ನಷ್ಟೇ ಅದುಮಿದರೆ ಚಕ್ರ ಲಾಕಾಗಿ ಜಾರುತ್ತದೆ. ಹಿಮ್ಮಡಿ ಇಳಿಸಿ, ಸೊಂಟ ಹಿಂದಕ್ಕೆ ತಗ್ಗಿಸಿ, ಮುಂದಿನದನ್ನು ಮೆಲ್ಲಗೆ ಬಿಗಿಸುತ್ತ ಹೋದರೆ ಟೈರು ನೆಲ ಕಚ್ಚುವುದು ಬೆರಳಿಗೇ ತಿಳಿಯುತ್ತದೆ. ಈ ಕ್ರೀಡೆಯ ನಿಜವಾದ ಸೊಗಸು ನನಗೆ ಕಾಣುವುದು ಅಲ್ಲೇ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಲಿವರ್ ಸಡಿಲಿಸಬೇಕು. ಉದ್ದಕ್ಕೂ ಎಳೆಯುತ್ತಲೇ ಇಳಿದರೆ ಡಿಸ್ಕ್ ಕಾದು ಹಿಡಿತ ಸೋಲುತ್ತದೆ. ಅಂದಹಾಗೆ, ನಮ್ಮಲ್ಲಿ ಮುಂದಿನ ಬ್ರೇಕು ಸಾಮಾನ್ಯವಾಗಿ ಬಲಗೈಯಲ್ಲಿ, ಅಮೆರಿಕದಲ್ಲಿ ಎಡಗೈಯಲ್ಲಿ. ಬೇರೆಯವರ ಸೈಕಲ್ ಏರುವ ಮುನ್ನ ಒಮ್ಮೆ ಹಿಂಡಿ ನೋಡಿ.