ಎಣ್ಣೂರಿನ ಕೋಲಂ: ಮೊದಲು ಚುಕ್ಕಿ ಎಣಿಸಿ

ನಮಗೆ ಧನುರ್ಮಾಸ, ತಮಿಳರಿಗೆ ಮಾರ್ಗಳಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಚೆನ್ನೈನಲ್ಲಿ ಕೋಲಂ, ಅಂದರೆ ತಮಿಳರ ರಂಗೋಲಿ, ನೋಡಲು ಇದೇ ಸುಗ್ಗಿ. ಮೈಲಾಪುರದ ಮಾಡವೀದಿಗಳಿಗೆ ಎಲ್ಲರೂ ಹೋಗುತ್ತಾರೆ. ನೀವು ಗುಮ್ಮಿಡಿಪೂಂಡಿ ಕಡೆಯ ಲೋಕಲ್ ಹತ್ತಿ ಎಣ್ಣೂರಿನಲ್ಲಿ ಇಳಿಯಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಅಳಿವೆ, ವಿದ್ಯುತ್ ಸ್ಥಾವರದ ಚಿಮಣಿಗಳು. ನಡುವೆ ಜನರ ಬೀದಿಗಳು. ಬೆಳಕು ಹರಿಯುವಾಗಲೇ ಹೋಗಿ. ನೀರು ಚಿಮುಕಿಸಿದ ನೆಲ ಹಸಿ ಇದ್ದಾಗಲೇ ಪುಡಿ ಬಿಡುತ್ತಾರೆ. ಬಿಸಿಲೇರಿದ ಮೇಲೆ ಗಾಳಿಗೂ ಚಕ್ರಗಳಿಗೂ ಸಿಕ್ಕಿ ಗೆರೆ ಉಳಿಯುವುದಿಲ್ಲ.

ಚುಕ್ಕಿ
ಬಣ್ಣಕ್ಕೆ ಮರುಳಾಗುವ ಮೊದಲು ಚುಕ್ಕಿ ನೋಡಿ. ಒಂದರ ಕೆಳಗೊಂದು ಬಂದರೆ ನೇರ ಚುಕ್ಕಿ. ಎರಡರ ನಡುವೆ ಬಂದರೆ ನಮ್ಮ ಸಂದುಚುಕ್ಕಿಯೇ. ನಡುಸಾಲಿನಲ್ಲಿ 15 ಇಟ್ಟು, ಎರಡೂ ಬದಿಗೆ ಸಾಲಿಗೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಿದರೆ ಒಟ್ಟು 169 ಚುಕ್ಕಿ, ಆರು ಮೂಲೆಯ ಅಂಗಳ. ಒಂದು ಚುಕ್ಕಿ ಸರಿದರೂ ಮುಂದಿನ ಗೆರೆಗಳೆಲ್ಲ ವಾಲುತ್ತವೆ.

ಗೆರೆ
ಚುಕ್ಕಿಗಳನ್ನು ಸೇರಿಸಿದರೆ ಹೂವು, ಹಕ್ಕಿ, ದೀಪ ಮೂಡುತ್ತವೆ. ಚುಕ್ಕಿಯನ್ನು ಮುಟ್ಟದೆ ಸುತ್ತಿ ಬಳಸಿ ಹೋದರೆ ಅದು ಸಿಕ್ಕು ಕೋಲಂ. ಇದನ್ನು ಕಣ್ಣಿನಲ್ಲೇ ಹಿಂಬಾಲಿಸಿ: ಹೊರಟ ಕಡೆಗೇ ಬಂದು ಸೇರುತ್ತದೆಯೆ? ಎಷ್ಟು ಎಳೆ? ಪ್ರತಿ ಸಂದಿನಲ್ಲೂ ಗೆರೆ ದಾಟಿಸಿದರೆ 3 ಸಾಲು, 4 ಚುಕ್ಕಿಯ ಚೌಕಟ್ಟು ಒಂದೇ ಎಳೆಯಲ್ಲಿ ಮುಗಿಯುತ್ತದೆ. 3 ಸಾಲು, 3 ಚುಕ್ಕಿಗೆ ಮೂರು ಎಳೆ ಬೇಕು. ಈ ಜಾಣ್ಮೆಗೆ ಗಣಿತಜ್ಞರೂ ಸೋತಿದ್ದಾರೆ. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ 1974ರಲ್ಲೇ ಕೋಲಂಗಳಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ ಬರೆದರು.

ಕೈ
ಹೆಬ್ಬೆರಳು, ತೋರುಬೆರಳ ನಡುವಿನಿಂದ ಪುಡಿ ಒಂದೇ ಸಮ ಇಳಿಯಬೇಕು. ತಿರುವಿನಲ್ಲಿ ಗೆರೆ ದಪ್ಪವಾಗಿದ್ದರೆ ಕೈ ಅಲ್ಲಿ ತಡವರಿಸಿದೆ ಎಂದರ್ಥ. ಪೂಜೆ, ಮದುವೆಗೆ ಹಾಕುವ ಪಡಿ ಕೋಲಂನಲ್ಲಿ ಜೋಡಿಗೆರೆಗಳ ನಡುವಿನ ಅಂತರ, ಅಕ್ಕಿಹಿಟ್ಟಿನ ಬಿಳುಪಿಗೆ ಒಪ್ಪುವ ಕಾವಿಯ ಅಂಚು ಗಮನಿಸಿ.

ಹಬ್ಬ
ಮಾರ್ಗಳಿಯಲ್ಲಿ ಕೆಲವರು ಕೋಲಂ ನಡುವೆ ಸಗಣಿ ಉಂಡೆಯಿಟ್ಟು ಕುಂಬಳದ ಹೂ ಸಿಕ್ಕಿಸುತ್ತಾರೆ. ಪೊಂಗಲ್‌ಗೆ ಉಕ್ಕುವ ಮಡಕೆ, ಕಬ್ಬು, ರಥಸಪ್ತಮಿಗೆ ತೇರು, ಕೃಷ್ಣಜಯಂತಿಗೆ ಹೊಸ್ತಿಲಿನಿಂದ ಒಳಕ್ಕೆ ಪುಟ್ಟ ಹೆಜ್ಜೆಗಳು. ಬಾಗಿಲ ಮುಂದೆ ಏನೂ ಇಲ್ಲದಿದ್ದರೆ ಸೋಮಾರಿತನ ಎನ್ನಬೇಡಿ. ಸೂತಕವಿರಬಹುದು, ಹಿರಿಯರ ತಿಥಿಯಿರಬಹುದು.

ಫೋಟೊ ತೆಗೆಯುವ ಮುನ್ನ ಬಿಡಿಸಿದವರನ್ನು ಕೇಳಿ: ‘ಅಕ್ಕಾ, ಎತ್ತನೈ ಪುಳ್ಳಿ?’ ಎಷ್ಟು ಚುಕ್ಕಿ ಎಂದು ಕೇಳಿದವರನ್ನು ಅವರು ನೋಡುವ ರೀತಿಯೇ ಬೇರೆ. ಹೇಳಿದ ಲೆಕ್ಕ ಬರೆದುಕೊಳ್ಳಿ. ಚುಕ್ಕಿ ಸೇರಿಸಿದ ಕೋಲಂ ಆದರೆ ಫೋಟೊದಲ್ಲಿ ಗೆರೆ ಮಾತ್ರ ಕಾಣುತ್ತದೆ, ಚುಕ್ಕಿಗಳು ಅದರಡಿ ಮುಚ್ಚಿಹೋಗಿರುತ್ತವೆ. ಲೆಕ್ಕವಿಲ್ಲದೆ ನಿಮ್ಮ ಅಂಗಳದಲ್ಲಿ ಬಿಡಿಸಲು ಕೂತರೆ ಮೂರನೆಯ ಸಾಲಿಗೇ ಕೈ ನಿಲ್ಲುತ್ತದೆ.