ರಸ್ತೆ ಉಬ್ಬಿನ ಕೀರ್ತಿ ಮತ್ತು ಬಡಾವಣೆಯ ಒಳದಾರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಪಟ್ಟಣಗಳಲ್ಲಿ ಹೊಸ ಬಡಾವಣೆಯ ನಿವಾಸಿಗಳು ವಾಹನಗಳ ಕಾಟ ತಾಳಲಾರದೆ ಮನವಿ ಕೊಟ್ಟಾಗ ಬೇಡುವುದು ರಸ್ತೆ ಉಬ್ಬನ್ನು, ಮನವಿ ಫಲಿಸಿದರೆ ಪಡೆಯುವುದೂ ಅದನ್ನೇ. ಖರ್ಚು ಕಡಿಮೆ, ಒಂದೇ ರಾತ್ರಿಯಲ್ಲಿ ಮುಗಿಯುವ ಕೆಲಸ, ಮಾಡಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬ ಕಾರಣಗಳಿಂದ, ಸ್ಪೀಡ್ ಬ್ರೇಕರ್ ಎಂದು ಎಲ್ಲರೂ ಕರೆಯುವ ಈ ಉಬ್ಬು ತನ್ನ ಯೋಗ್ಯತೆಗೆ ಮೀರಿದ ಕೀರ್ತಿ ಗಳಿಸಿಕೊಂಡಿದೆ. ಬಡಾವಣೆಯಲ್ಲಿ ಯಾವ ಕೆಲಸವೂ ಇಲ್ಲದ ವಾಹನ ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ಅದರೊಳಗಿಂದ ಹಾದುಹೋಗುವುದನ್ನು ಒಳದಾರಿ ಸಂಚಾರ ಎನ್ನುವುದಾದರೆ, ಅದನ್ನು ತಡೆಯುವ ಶಕ್ತಿ ಉಬ್ಬಿಗೆ ಇಲ್ಲ. ಉಬ್ಬು ಮುಟ್ಟುವುದು ವೇಗವನ್ನು ಮಾತ್ರ, ಈ ಬಡಾವಣೆಗಳನ್ನು ಬಾಧಿಸುತ್ತಿರುವುದು ದಾರಿಯ ಆಯ್ಕೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಈ ಸೀಮೆಗೂ ಕಬ್ಬಿಗೂ ಇರುವ ನಂಟನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಉಗಾರ ಖುರ್ದದಿಂದ ನಿಪ್ಪಾಣಿಯವರೆಗೆ ಕಾರ್ಖಾನೆಗಳ ನುರಿಸುವ ಹಂಗಾಮು ಆರಂಭವಾದ ಮೇಲೆ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ ಎಂಬುದು ಇಲ್ಲಿಯ ಓದುಗರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಬಡಾವಣೆಗಳ ಹುಟ್ಟಿನಲ್ಲಿದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೆಯ ಕಲಮಿನಡಿ ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿ, ಊರವರ ಮಾತಿನಲ್ಲಿ ಹೇಳುವುದಾದರೆ ಎನ್.ಎ. ಮಾಡಿಸಿ, ಒಂದೊಂದು ಸರ್ವೇ ನಂಬರಿಗೆ ಒಂದೊಂದು ನಕ್ಷೆ ಮಂಜೂರಾಗುತ್ತ ಈ ಬಡಾವಣೆಗಳು ಬೆಳೆದಿವೆ. ಇದರ ರಸ್ತೆ ಪಕ್ಕದ ಲೇಔಟಿನ ರಸ್ತೆಗೆ ಕೂಡುತ್ತದೆಯೇ ಎಂಬ ಪ್ರಶ್ನೆ ಪ್ರತಿ ನಕ್ಷೆಯಲ್ಲೂ ಎದ್ದಿದೆ. ಹೀಗೆ ಕೂಡಿದ ನಾಲ್ಕಾರು ಲೇಔಟುಗಳ ಸಾಲು ಯಾವ ಎರಡು ಹೆದ್ದಾರಿಗಳ ನಡುವೆ ಒಳದಾರಿಯಾಗಿ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆ ಏಳುವ ಹಂತವೇ ಆ ವ್ಯವಸ್ಥೆಯಲ್ಲಿಲ್ಲ. ವಿಜಯಪುರ, ಮಿರಜ, ಜತ್ತ, ಗೋಕಾಕ ಕಡೆಯ ರಸ್ತೆಗಳು ಬಂದು ಸೇರುವ ಅಥಣಿಯಂಥ ಊರಿನಲ್ಲಿ ಇದರ ಪರಿಣಾಮ ಏನೆಂದು ಊಹಿಸುವುದು ಕಷ್ಟವಲ್ಲ. ಹಳೆಯ ಊರಿನ ಓಣಿಗಳಿಗೆ ಈ ದೋಷವಿರಲಿಲ್ಲ. ಅಗಸಿಯಿಂದ ಒಳಹೊಕ್ಕ ಓಣಿ ವಾಡೆಯ ಗೋಡೆಗೋ ಗುಡಿಯ ಕಟ್ಟೆಗೋ ತಾಗಿ ಹೊರಳುತ್ತಿದ್ದುದರಿಂದ ಅಲ್ಲಿ ಕೆಲಸವಿದ್ದವರು ಮಾತ್ರ ಅತ್ತ ಹೋಗುತ್ತಿದ್ದರು.

ಉಬ್ಬನ್ನು ಅದರ ಅಳತೆಯಿಂದಲೇ ಪರೀಕ್ಷಿಸಬೇಕು. ರಸ್ತೆ ಎಂಜಿನಿಯರುಗಳ ರಾಷ್ಟ್ರೀಯ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಐಆರ್‌ಸಿ 99 ಎಂಬ ಸಂಖ್ಯೆಯಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದಕ್ಕೆ ಆಧಾರ. 1988ರ ಪಾಠದ ಪ್ರಕಾರ ಉಬ್ಬು 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕಿನಂತಿರಬೇಕು, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ ಹಾಗೂ ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು, ಮತ್ತು ಅದರ ಮೇಲೆ ವಾಹನ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕುಲುಕಾಟವಿಲ್ಲದೆ ಸಾಗಬೇಕು. ಈ ಅಳತೆಗಳ ಹಿಂದೆ ಒಂದು ವಿವೇಕವಿದೆ. 3.7 ಮೀಟರ್ ಉದ್ದವೆಂದರೆ ಕಾರಿನ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರಕ್ಕಿಂತ ಹೆಚ್ಚು. ಆದ್ದರಿಂದ ಒಂದು ಕ್ಷಣ ನಾಲ್ಕೂ ಗಾಲಿಗಳು ಉಬ್ಬಿನ ಮೇಲೆಯೇ ಇದ್ದು ಇಡೀ ವಾಹನ ಮೆಲ್ಲಗೆ ಏರಿ ಇಳಿಯುತ್ತದೆ. ಬಡಾವಣೆಗಳಲ್ಲಿ ವಾಸ್ತವವಾಗಿ ಕಾಣುವುದು ಒಂದೆರಡು ಅಡಿ ಅಗಲದ, ಚೂಪಾದ ನೆತ್ತಿಯ ಡಾಂಬರಿನ ಇಲ್ಲವೆ ಸಿಮೆಂಟಿನ ದಿಂಡು. ಅದರ ಮೇಲೆ ಪ್ರತಿಯೊಂದು ಅಚ್ಚೂ ಬೇರೆಬೇರೆಯಾಗಿ ಹಾರಿ ಬೀಳಬೇಕು.

ಈ ದಿಂಡಿನ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹಾದುಹೋಗುವ ಬಗೆಯನ್ನು ಗಮನಿಸಿದರೆ ಉಬ್ಬಿನ ಇಡೀ ತರ್ಕ ಸಡಿಲಗೊಳ್ಳುತ್ತದೆ. ಟ್ರ್ಯಾಕ್ಟರಿಗೆ ಎರಡು ಅಚ್ಚು, ಹಿಂದಿನ ಎರಡು ನಾಲ್ಕುಗಾಲಿ ಟ್ರೇಲರ್‌ಗಳಿಗೆ ತಲಾ ಎರಡು, ಹೀಗೆ ಒಂದೇ ವಾಹನದಿಂದ ಆರು ಪೆಟ್ಟು. ಪ್ರತಿ ಪೆಟ್ಟಿಗೂ ಟ್ರೇಲರ್ ಜೋಡಿಸಿದ ಹುಕ್ಕು ಜಗ್ಗಿ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಮೇಲಿನ ಹೊರೆಯಿಂದ ಜಾರಿ ಬೀಳುವ ಕಬ್ಬಿನ ಗಳ, ಕೆಳಗಿನ ಗೇರಿಗೆ ಇಳಿದ ಎಂಜಿನ್ ಮತ್ತೆ ಭಾರ ಎಳೆಯುವಾಗ ಉಗುಳುವ ಕಪ್ಪು ಹೊಗೆ, ಇವೆಲ್ಲ ಉಬ್ಬಿನ ಪಕ್ಕದ ಮನೆಯ ಪಾಲಿಗೆ ಬರುತ್ತವೆ. ಇಷ್ಟೆಲ್ಲ ಆಗಿಯೂ ಟ್ರ್ಯಾಕ್ಟರಿನ ವೇಗದ ಮೇಲೆ ಅದರ ಪ್ರಭಾವ ಅತ್ಯಲ್ಪ, ಏಕೆಂದರೆ ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಬಡಾವಣೆಯ ರಸ್ತೆಯಲ್ಲಿ 25 ಕಿಲೋಮೀಟರ್ ವೇಗವನ್ನು ಮುಟ್ಟುವುದೇ ಅಪರೂಪ. ಮಾರ್ಗಸೂಚಿ ಯಾವ ವೇಗಕ್ಕೆ ವಾಹನವನ್ನು ಇಳಿಸಬಯಸುತ್ತದೆಯೋ ಅದಕ್ಕಿಂತ ನಿಧಾನವಾಗಿಯೇ ಅದು ಬರುತ್ತಿರುತ್ತದೆ. ಬೈಕಿನವನು ದಿಂಡಿನ ತುದಿಗೂ ಗಟಾರಿಗೂ ನಡುವೆ ಉಳಿದ ಗೇಣು ಜಾಗದಲ್ಲಿ ನುಸುಳಿಕೊಳ್ಳುತ್ತಾನೆ. ಕಡೆಗೆ ಉಬ್ಬಿನ ಶಿಸ್ತಿಗೆ ಪೂರ್ತಿ ಒಳಗಾಗುವವು ಕಾರು, ಶಾಲಾ ಬಸ್ಸು ಮತ್ತು ಆಂಬುಲೆನ್ಸ್ ಮಾತ್ರ. ಕಾಗವಾಡ, ಅಥಣಿ ಕಡೆಯಿಂದ ಮಿರಜದ ಆಸ್ಪತ್ರೆಗಳಿಗೆ ರೋಗಿಗಳನ್ನು ಒಯ್ಯುವ ಜನಕ್ಕೆ ಆ ಒಂದೊಂದು ಪೆಟ್ಟೂ ಏನೆಂದು ಗೊತ್ತು.

ಸಮಯದ ಲೆಕ್ಕವೂ ಉಬ್ಬಿನ ಪರವಾಗಿಲ್ಲ. ಬ್ರಿಟನ್ನಿನ ಜಾನ್ ವಾರ್ಡ್ರಾಪ್ 1952ರಲ್ಲಿ ಮಂಡಿಸಿದ, ಸಂಚಾರಶಾಸ್ತ್ರದಲ್ಲಿ ಇಂದಿಗೂ ಮೂಲಸೂತ್ರವೆನಿಸಿದ ತತ್ವದ ಪ್ರಕಾರ, ಬಳಕೆಯಲ್ಲಿರುವ ಎಲ್ಲ ದಾರಿಗಳ ಪ್ರಯಾಣಾವಧಿ ಸಮನಾಗುವವರೆಗೆ ಚಾಲಕರು ಒಂದರಿಂದ ಇನ್ನೊಂದಕ್ಕೆ ಹೊರಳುತ್ತಲೇ ಇರುತ್ತಾರೆ. ಐದು ಉಬ್ಬುಗಳು ತಲಾ ಐದು ಸೆಕೆಂಡು ನುಂಗಿದವೆಂದು ಇಟ್ಟುಕೊಂಡರೂ ಒಟ್ಟು ನಷ್ಟ ಅರ್ಧ ನಿಮಿಷಕ್ಕಿಂತ ಕಡಿಮೆ. ಸಂತೆಯ ದಿನ ಮುಖ್ಯರಸ್ತೆಯಲ್ಲಿ ಸಿಕ್ಕಿಕೊಂಡರೆ ಹೋಗುವುದು ಹಲವು ನಿಮಿಷ. ಈ ಅಂತರ ಇರುವವರೆಗೆ ಒಳದಾರಿ ಖಾಲಿಯಾಗಲಾರದು. ಶಾಲೆಯ ಮುಂದೆ, ಬಡಾವಣೆಯ ರಸ್ತೆ ಹೆದ್ದಾರಿಗೆ ಸೇರುವಲ್ಲಿ, ನಿಯಮದ ಅಳತೆಯ, ಬಣ್ಣ ಬಳಿದು ಫಲಕ ನೆಟ್ಟ ಉಬ್ಬು ಉಪಯುಕ್ತ ಎಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಅದರ ಸ್ಥಾನ ಅಷ್ಟೇ.

ಉಬ್ಬಿನ ಮಿತಿ ಬಲ್ಲ ವಿಮರ್ಶಕರು ಸಾಮಾನ್ಯವಾಗಿ ಬೈಪಾಸಿನ ಕಡೆ ಬೆರಳು ತೋರಿಸುತ್ತಾರೆ. ಅವರಿಗೆ ನಿಪ್ಪಾಣಿ ಸಾಕಷ್ಟು ಉತ್ತರ ಕೊಡುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿದ್ದು ಈಗ 48 ಎನಿಸಿಕೊಂಡ ಪುಣೆ–ಬೆಂಗಳೂರು ರಸ್ತೆ ಊರ ಅಂಚಿನಲ್ಲೇ ಸಾಗುತ್ತದೆ, ಉತ್ತರ–ದಕ್ಷಿಣದ ವಾಹನಗಳಿಗೆ ಊರೊಳಗೆ ಬರುವ ಕಾರಣವಿಲ್ಲ. ಆದರೆ ಪಶ್ಚಿಮದಿಂದ ದೇವಗಡ–ರಾಧಾನಗರಿ ರಸ್ತೆ, ಪೂರ್ವದಿಂದ ಮುಧೋಳ–ಚಿಕ್ಕೋಡಿ ರಸ್ತೆ ಬಂದು ಸೇರುವ ಊರಿನಲ್ಲಿ ಅಡ್ಡಲಾಗಿ ಸಾಗುವ ವಾಹನಕ್ಕೂ, ಊರಿನ ಮಾರುಕಟ್ಟೆಗೇ ಬರುವ ತಂಬಾಕಿನ ಮತ್ತು ದಿನಸಿಯ ವಾಹನಕ್ಕೂ ಆ ಹೆದ್ದಾರಿಯಿಂದ ಆಗುವ ಉಪಕಾರ ಅಲ್ಪ. ಬೈಪಾಸ್ ಒಂದು ದಿಕ್ಕಿನ ಸಂಚಾರವನ್ನು ಹೊರಗೆ ಕಳಿಸುತ್ತದೆ, ಬಡಾವಣೆಯ ಬಾಗಿಲನ್ನು ಮುಚ್ಚುವುದಿಲ್ಲ.

ಬೈಪಾಸ್‌ವಾದಿಗಳ ಹಿಂದೆ ಒಂದು ಗ್ರಂಥದ ಅರ್ಧ ಓದು ಇದೆ. 1963ರಲ್ಲಿ ಕಾಲಿನ್ ಬುಕಾನನ್ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದ ‘ಟ್ರಾಫಿಕ್ ಇನ್ ಟೌನ್ಸ್’ ವರದಿ ಎರಡು ಮಾತುಗಳನ್ನು ಜೊತೆಗೂಡಿಸಿ ಹೇಳಿತ್ತು: ದೂರದ ವಾಹನಗಳಿಗೆ ಬೇರೆ ವಿತರಣಾ ರಸ್ತೆಗಳ ಜಾಲ ಬೇಕು, ಮತ್ತು ಆ ಜಾಲದ ನಡುವಿನ ಪ್ರತಿ ವಸತಿ ಪ್ರದೇಶಕ್ಕೂ ಇಂತಿಷ್ಟೇ ವಾಹನ ಎಂಬ ಮಿತಿ ಇರಬೇಕು. ಮೊದಲ ಮಾತನ್ನು ಯೋಜಕರು ವರ್ತುಲ ರಸ್ತೆಗಳ ರೂಪದಲ್ಲಿ ದಶಕಗಳಿಂದ ಪಾಲಿಸುತ್ತ ಬಂದಿದ್ದಾರೆ, ಎರಡನೆಯದನ್ನು ಪುಟ ತಿರುವಿ ದಾಟಿದ್ದಾರೆ. ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದು ಪಕ್ಷದ್ದು. ನಗರ ಚಿಂತಕಿ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಚಿಕ್ಕ ಚಿಕ್ಕ ಬೀದಿಗಳು ಒಂದಕ್ಕೊಂದು ಕೂಡಿಕೊಂಡಿರಬೇಕು ಎಂದರೆಂಬ ಕಾರಣಕ್ಕೆ, ಯಾವ ಬೀದಿಯನ್ನೂ ಮುಚ್ಚಕೂಡದು, ಮುಚ್ಚಿದರೆ ಭಾರವೆಲ್ಲ ಮುಖ್ಯರಸ್ತೆಯ ಬದಿಯ ಬಡವರ ಮೇಲೆ ಬೀಳುತ್ತದೆ ಎಂದು ಇವರು ವಾದಿಸುತ್ತಾರೆ. ಜೇಕಬ್ಸ್ ಅಲ್ಲಿ ಮಾತನಾಡುತ್ತಿರುವುದು ನಡೆದು ಹೋಗುವವರ ಬಗ್ಗೆ. ಅದೇ ಪುಸ್ತಕದ ಮುಂದಿನ ಒಂದು ಅಧ್ಯಾಯ ವಾಹನಗಳಿಗೆ ನಗರದಲ್ಲಿ ಕ್ರಮೇಣ ಅನುಕೂಲ ಕಡಿಮೆ ಮಾಡುತ್ತ ಹೋಗಬೇಕೆಂಬ ಸ್ಪಷ್ಟ ವಾದಕ್ಕೇ ಮೀಸಲಾಗಿದೆ. ಉಬ್ಬಿನ ಸಮರ್ಥಕರು ಆಗಾಗ ನೆನೆಯುವ ನಗರ ವಿನ್ಯಾಸಕ ಡೊನಾಲ್ಡ್ ಆಪಲ್ಯಾರ್ಡ್ ಕೂಡ ಅವರ ನೆರವಿಗೆ ಬರುವುದಿಲ್ಲ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಅಧ್ಯಯನ ಮಾಡಿದಾಗ ಅವರು ಬೀದಿಗಳನ್ನು ವಿಂಗಡಿಸಿದ್ದು ದಿನಕ್ಕೆ ಹಾಯುವ ವಾಹನಗಳ ಸಂಖ್ಯೆಯಿಂದ. ಸುಮಾರು 2,000 ವಾಹನಗಳ ಬೀದಿಯಲ್ಲಿ ಒಬ್ಬ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ 3 ಸ್ನೇಹಿತರಿದ್ದರೆ, 16,000 ವಾಹನಗಳ ಬೀದಿಯಲ್ಲಿ ಅದು 0.9ಕ್ಕೆ ಇಳಿದಿತ್ತು. ನೆರೆಹೊರೆಯನ್ನು ಕೆಡಿಸುವುದು ವಾಹನಗಳ ಎಣಿಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಎಣಿಕೆಯನ್ನು ಇಳಿಸುವ ಉಪಾಯ ಉಬ್ಬಿಗಿಂತ ಸರಳ, ಉಬ್ಬಿನಷ್ಟೇ ಅಗ್ಗ, ಆದರೂ ಅಲಕ್ಷಿತ: ರಸ್ತೆಯ ನಡುಭಾಗದಲ್ಲಿ ಅಡ್ಡಲಾಗಿ ನೆಟ್ಟ ಕಂಬಗಳ ಸಾಲು. ಎರಡು ಕಂಬಗಳ ನಡುವೆ ಒಂದೂವರೆ ಮೀಟರ್ ಬಿಟ್ಟರೆ ಪಾದಚಾರಿ, ಸೈಕಲ್, ಬೈಕು ಮಾತ್ರವಲ್ಲದೆ 1.3 ಮೀಟರ್ ಅಗಲದ ಆಟೊರಿಕ್ಷಾ ಕೂಡ ದಾಟುತ್ತದೆ; ಕಾರು, ಲಾರಿ, ಟ್ರ್ಯಾಕ್ಟರ್ ದಾಟವು. ಬಡಾವಣೆಯ ಯಾವ ಮನೆಗೂ ಕಾರು ಬರುವುದು ತಪ್ಪುವುದಿಲ್ಲ, ಎರಡು ತುದಿಗಳಲ್ಲಿ ಒಂದರಿಂದ ಬಂದವರು ಅದೇ ತುದಿಯಿಂದ ಹೊರಡಬೇಕು, ಅಷ್ಟೇ. ಬೈಕುಗಳೇ ಹೆಚ್ಚಿರುವ ಈ ಪಟ್ಟಣಗಳಲ್ಲಿ ಬೈಕನ್ನು ತಡೆಯದ ಕಂಬ ಅರ್ಧ ಪರಿಹಾರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಗೋಡೆ ಅದುರಿಸುವ, ಮಕ್ಕಳನ್ನು ಬೀದಿಯಿಂದ ಒಳಗಟ್ಟುವ, ನಡುರಾತ್ರಿಯಲ್ಲಿ ಟೇಪಿನ ಹಾಡು ಮೊಳಗಿಸುತ್ತ ಹೋಗುವ ಭಾರದ ವಾಹನವನ್ನಾದರೂ ಅದು ಪೂರ್ತಿ ನಿಲ್ಲಿಸುತ್ತದೆ. ಕಂಬಗಳಲ್ಲಿ ಒಂದೆರಡು ಬೀಗ ತೆಗೆದು ಕೀಳಬಹುದಾದ ಬಗೆಯವು ಇರಲೇಬೇಕು. ವೇದಗಂಗೆ ಉಕ್ಕಿ 2019ರ ಆಗಸ್ಟಿನಲ್ಲೂ 2021ರ ಜುಲೈನಲ್ಲೂ ಯಮಗರ್ಣಿಯ ಬಳಿ ಹೆದ್ದಾರಿಯೇ ಮುಳುಗಿದ ಸೀಮೆಯಲ್ಲಿ ಯಾವ ದಾರಿಯನ್ನೂ ಶಾಶ್ವತವಾಗಿ ಕಟ್ಟಿಹಾಕುವುದು ಸಲ್ಲದು.

ಕಂಬ ನೆಡಲಾಗದ ಅಗಲ ರಸ್ತೆಗಳಿಗೆ ಮೋಟಾರು ವಾಹನ ಕಾಯ್ದೆ, 1988ರ 115ನೆಯ ಕಲಮು ಇದೆ. ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನಗಳನ್ನು ನಿಷೇಧಿಸುವ ಅಧಿಕಾರವನ್ನು ಅದು ಕೊಡುತ್ತದೆ. ಒಂದು ತಿಂಗಳ ಒಳಗಿನ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಕೂಡ ಬೇಡ, ಸ್ಥಳೀಯ ಪ್ರಚಾರ ಸಾಕು. ಹಂಗಾಮು ತಿಂಗಳುಗಟ್ಟಲೆ ನಡೆಯುವುದರಿಂದ ಇಲ್ಲಿ ಅಧಿಸೂಚನೆಯೇ ಬೇಕಾಗುತ್ತದೆ, ಅದರ ಜೊತೆಗೆ ಕಾರ್ಖಾನೆಗಳನ್ನೂ ಹೊಣೆಯಲ್ಲಿ ಸೇರಿಸಬೇಕಾಗುತ್ತದೆ. ಯಾವ ಹೊಲದ ಕಬ್ಬು ಯಾವಾಗ ಕಡಿದು ಬರಬೇಕೆಂದು ಸರದಿ ಗೊತ್ತುಮಾಡುವುದು ಕಾರ್ಖಾನೆಯ ಕೃಷಿ ವಿಭಾಗವಾದ್ದರಿಂದ, ಬರಬೇಕಾದ ದಾರಿಯನ್ನೂ ಅದೇ ಗೊತ್ತುಮಾಡಬಲ್ಲುದು. ಇಲ್ಲಿ ಒಂದು ತೊಡಕಿದೆ. ಕೇಂದ್ರ ಸರ್ಕಾರದ ನ್ಯಾಯಸಮ್ಮತ ದರ, ಎಂದರೆ ಎಫ್‌ಆರ್‌ಪಿ, ಕಾರ್ಖಾನೆಯ ಗೇಟಿಗೆ ಮುಟ್ಟಿಸಿದ ಕಬ್ಬಿಗೆ ನಿಗದಿಯಾದುದರಿಂದ ಕಟಾವು ಮತ್ತು ಸಾಗಣೆಯ ವೆಚ್ಚ ರೈತನ ಬಿಲ್ಲಿನಿಂದಲೇ ಕಡಿತವಾಗುತ್ತದೆ. ಬಡಾವಣೆ ತಪ್ಪಿಸಿ ಸುತ್ತು ದಾರಿ ಹಿಡಿದರೆ ಆ ಹೆಚ್ಚಿನ ಕಿಲೋಮೀಟರುಗಳ ಬಾಡಿಗೆಯೂ ಅವನ ಮೇಲೆಯೇ ಬೀಳುತ್ತದೆ. ಆದ್ದರಿಂದ ದಾರಿ ನಿಗದಿಪಡಿಸುವ ಆದೇಶದಲ್ಲಿಯೇ ಸುತ್ತಿನ ಬಾಡಿಗೆಯನ್ನು ಕಾರ್ಖಾನೆ ಭರಿಸಬೇಕೆಂಬ ಷರತ್ತು ಸೇರಬೇಕು. ಆ ಷರತ್ತಿಲ್ಲದೆ ಬರುವ ಆದೇಶವನ್ನು ಟ್ರ್ಯಾಕ್ಟರ್ ಚಾಲಕರೂ ಪಾಲಿಸಲಾರರು, ರೈತರೂ ಒಪ್ಪಲಾರರು, ಒಪ್ಪಬೇಕಾದ ಕಾರಣವೂ ಇಲ್ಲ.