ಗ್ರಬ್ ಓದಿ ಅಳಿಸುವ ಚೀಟಿ

ಕರ್ನಲ್ ಅಪ್‌ಗ್ರೇಡ್‌ನ ಸುರಕ್ಷತೆಯ ಮಾತೆತ್ತಿದರೆ ಇಂದು ಹೊಗಳಿಕೆಯೆಲ್ಲ ಲೈವ್‌ಪ್ಯಾಚಿಂಗ್‌ಗೆ ಸಲ್ಲುತ್ತದೆ. 2015ರಲ್ಲಿ ಲಿನಕ್ಸ್ 4.0ರೊಳಗೆ ಸೇರಿದ ಈ ತಂತ್ರ ಜಾಣತನದ್ದು, ನಿಜ. ದೋಷವಿರುವ ಫಂಕ್ಷನ್‌ನ ಹೊಸ್ತಿಲಲ್ಲೇ ಕರೆಯನ್ನು ತಡೆದು ತಿದ್ದಿದ ಫಂಕ್ಷನ್‌ನತ್ತ ತಿರುಗಿಸುತ್ತದೆ, ರೀಬೂಟ್ ಬೇಕಿಲ್ಲ. ಆದರೆ ಅದು ತೇಪೆ. ಎಷ್ಟು ತೇಪೆ ಹಾಕಿದರೂ ಹಳೆಯ ಆವೃತ್ತಿ ಹೊಸದಾಗುವುದಿಲ್ಲ. ಅಪ್‌ಗ್ರೇಡ್ ಬೇಕೆಂದರೆ ರೀಬೂಟ್ ಆಗಲೇಬೇಕು. ಆ ರೀಬೂಟ್‌ನ ಭಯಕ್ಕೆ ಮದ್ದಾಗಬಲ್ಲ ಗ್ರಬ್-ರೀಬೂಟ್ ಎಂಬ ಪುಟ್ಟ ಆಜ್ಞೆಯನ್ನು ಮಾತ್ರ ಯಾರೂ ಹೊಗಳುವುದಿಲ್ಲ.

ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಹೊಸ ಕರ್ನಲ್ ಹಳೆಯದನ್ನು ಅಳಿಸದೆ ಅದರ ಪಕ್ಕದಲ್ಲಿ ಕೂರುತ್ತದೆಂಬುದು ಓದುಗರಿಗೆ ಗೊತ್ತಿರುವುದೇ. ನನ್ನ ತಕರಾರು ಅದರ ಮುಂದಿನದು: ಬೂಟ್‌ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ಹಳೆಯದನ್ನು ಆರಿಸುವವರು ಯಾರು? ಸರ್ವರ್ ಬೇರೊಂದು ಊರಿನಲ್ಲಿದೆ, ಅದಕ್ಕೆ ಕೀಬೋರ್ಡೇ ಇಲ್ಲ. ಬೂಟ್ ವಿಭಾಗ ತುಂಬಿಹೋಗಿ, ರೂಟ್ ಹುಡುಕಲು ಕರ್ನಲ್‌ಗೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ತಯಾರಾಗಿರಲಿಲ್ಲವೆನ್ನಿ. ಹೊಸ ಕರ್ನಲ್ ರೂಟ್ ಫೈಲ್ ಸಿಸ್ಟಂ ಸಿಗದೆ ಪ್ಯಾನಿಕ್ ಆಗಿ ನಿಲ್ಲುತ್ತದೆ. ಕರ್ನಲ್‌ನ ‘ಪ್ಯಾನಿಕ್’ ಆಯ್ಕೆಯ ಮೌಲ್ಯ ಸಾಮಾನ್ಯವಾಗಿ 0, ಅಂದರೆ ನಿಂತಲ್ಲೇ ನಿಂತಿರು ಎಂದು. ಯಾರೋ ಕರೆಂಟ್ ತೆಗೆದು ಹಾಕಿದರೂ ಗ್ರಬ್ ಮತ್ತೆ ಅದೇ ಮೊದಲ ಸಾಲನ್ನೇ ಹಿಡಿಯುತ್ತದೆ.

ಗ್ರಬ್-ರೀಬೂಟ್ ಈ ಗಂಟನ್ನು ಬಿಡಿಸುವ ಬಗೆ ನೋಡಿ. ಮೊದಲು ಗ್ರಬ್‌ನ ಡಿಫಾಲ್ಟ್ ಅನ್ನು ‘ಸೇವ್ಡ್’ ಎಂದಿಟ್ಟು, ಹಳೆಯ ಕರ್ನಲ್ ಅನ್ನು ಹೆಸರು ಹಿಡಿದು ಖಾಯಂ ಮಾಡಬೇಕು. ಆಮೇಲೆ ಈ ಆಜ್ಞೆ, ಗ್ರಬ್‌ಎನ್ವಿ ಎಂಬ 1024 ಬೈಟ್‌ಗಳ ಕಡತದಲ್ಲಿ ಒಂದು ಚೀಟಿ ಬರೆದಿಡುತ್ತದೆ: ಮುಂದಿನ ಒಂದು ಸಲ ಮಾತ್ರ ಹೊಸದು. ಬೂಟ್ ಆಗುವಾಗ ಗ್ರಬ್ ಚೀಟಿ ಓದುತ್ತದೆ, ಅಳಿಸುತ್ತದೆ, ಆಮೇಲಷ್ಟೇ ಕರ್ನಲ್ ಅನ್ನು ಎಬ್ಬಿಸುತ್ತದೆ. ಈ ಸರದಿಯಲ್ಲೇ ಇದೆ ಜೀವಾಳ. ಹೊಸ ಕರ್ನಲ್ ಗೆದ್ದ ಮೇಲೆ ಅಳಿಸುವ ಏರ್ಪಾಡಾಗಿದ್ದರೆ, ಸತ್ತ ಕರ್ನಲ್ ಎದ್ದು ಬಂದು ಚೀಟಿ ಅಳಿಸುತ್ತಿತ್ತೇ? ಮೊದಲೇ ಅಳಿಸಿರುವುದರಿಂದ, ಸೋಲಿಗೆ ಯಾರ ಸಹಾಯವೂ ಬೇಕಿಲ್ಲ. ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿದರೆ ಹತ್ತು ಸೆಕೆಂಡಿಗೆ ಯಂತ್ರ ತಾನೇ ಮರಳಿ ಶುರುವಾಗುತ್ತದೆ; ಚೀಟಿ ಇಲ್ಲ, ಹಳೆಯ ಕರ್ನಲ್ ಹಾಜರ್.

ಮಿತಿಗಳೂ ಇವೆ. ಬೂಟ್ ಕಡತಗಳು ಎಲ್‌ವಿಎಂ ಅಥವಾ ಬಿಟಿಆರ್‌ಎಫ್‌ಎಸ್ ಮೇಲಿದ್ದರೆ ಗ್ರಬ್ ಚೀಟಿಯನ್ನು ಓದೀತು, ಸಾಮಾನ್ಯವಾಗಿ ಅಳಿಸಲಾರದು. ಬೂಟ್‌ಗೆ ಪ್ರತ್ಯೇಕ ಎಕ್ಸ್ಟ್4 ವಿಭಾಗ ಇರಲಿ. ಹಳೆಯ ಕರ್ನಲ್‌ಗೆ ಮರಳಿದರೂ ಕೆಟ್ಟ ದತ್ತಾಂಶ ಮರಳದು. 2023ರ ಡಿಸೆಂಬರ್‌ನಲ್ಲಿ 6.1.64 ಕರ್ನಲ್‌ನ, ದತ್ತಾಂಶ ಕೆಡಿಸಬಲ್ಲ ಎಕ್ಸ್ಟ್4 ದೋಷದಿಂದ ಡೆಬಿಯನ್ 12.3ರ ಬಿಡುಗಡೆಯನ್ನೇ ತಡೆಹಿಡಿದು 12.4 ಹೊರತರಬೇಕಾಯಿತು. ಬ್ಯಾಕಪ್‌ಗೆ ಬದಲಿಯಿಲ್ಲ.

ಇನ್ನೊಂದು ಪಂಗಡದೊಂದಿಗೆ ನನ್ನ ಜಗಳ ಹಳೆಯದು: ಓಡುತ್ತಿರುವ ಯಂತ್ರಕ್ಕೆ ಕೈ ಹಚ್ಚಬಾರದು ಎನ್ನುವವರು, ಸಾವಿರ ದಿನದ ಅಪ್‌ಟೈಮ್ ಅನ್ನು ಪದಕದಂತೆ ತೋರಿಸುವವರು. 2007ರಿಂದ ಕರ್ನಲ್‌ನಲ್ಲಿ ಅಡಗಿದ್ದ, ಸಾಮಾನ್ಯ ಬಳಕೆದಾರನನ್ನು ರೂಟ್ ಮಾಡಬಲ್ಲ ಡರ್ಟಿ ಕೌ ದೋಷ ತಿದ್ದುಪಡಿಯಾದದ್ದು 2016ರಲ್ಲಿ. ಅಂದು ಆ ಪದಕ ಬಯಲಲ್ಲಿ ತೆರೆದಿಟ್ಟ ಮನೆಯ ಬಾಗಿಲಾಗಿತ್ತು. ಮೇಲಾಗಿ, ಮೂರು ವರ್ಷ ರೀಬೂಟ್ ಕಾಣದ ಯಂತ್ರದ ಬೂಟ್ ಹಾದಿಯನ್ನು ಮೂರು ವರ್ಷದಿಂದ ಯಾರೂ ಪರೀಕ್ಷಿಸಿಲ್ಲ. ಆ ಪರೀಕ್ಷೆ ನಡೆಯುವುದು ಕರೆಂಟ್ ಹೋದ ರಾತ್ರಿ, ಯಾರೂ ಸಿದ್ಧರಿಲ್ಲದಾಗ. ಲೈವ್‌ಪ್ಯಾಚಿಂಗ್‌ನ ಭಕ್ತರೂ ಇವರೂ ಒಂದೇ ಭಯದ ಮಕ್ಕಳು.

ಹೊಸ ಕರ್ನಲ್ ಕೈಕೊಟ್ಟ ಮೇಲೂ ದೂರದ ಸರ್ವರ್ ತಾನೇ ಹಳೆಯದರಲ್ಲಿ ಎದ್ದು, ಲಾಗಿನ್ ಕೇಳುವುದನ್ನು ಒಮ್ಮೆ ಕಂಡವರಿಗೆ ಆ ಭಯ ಉಳಿಯುವುದಿಲ್ಲ. ಕೈಪಿಡಿಗಳ ಮೂಲೆಯಲ್ಲಿ ಉಳಿದಿರುವ ಗ್ರಬ್-ರೀಬೂಟ್ ಆಜ್ಞೆ ಮೊದಲ ಪುಟಕ್ಕೆ ಬರಬೇಕು.